ರನ್ನನ ಊರಿನಲ್ಲಿ ರೊಟ್ಟಿಯ ಮಾತು

ಕಬ್ಬಿನ ಹಂಗಾಮಿನಲ್ಲಿ ಮುಧೋಳದಿಂದ ರನ್ನ ಬೆಳಗಲಿಯ ದಾರಿ ಹಿಡಿದರೆ ಎದುರಿಗೆ ಬಸ್ಸಿಗಿಂತ ಟ್ರ್ಯಾಕ್ಟರುಗಳೇ ಹೆಚ್ಚು. ಹಿಂದೆ ಕಬ್ಬು ತುಂಬಿದ ಎರಡೆರಡು ಟ್ರೇಲರ್, ಮುಂದೆ ಕಿವಿ ಗಡಚಿಕ್ಕುವ ಜಾನಪದ ಹಾಡು.

949ರಲ್ಲಿ ಬಳೆಗಾರರ ಮನೆಯಲ್ಲಿ ಹುಟ್ಟಿ, ಚಾಲುಕ್ಯ ತೈಲಪನಿಂದ ಕವಿಚಕ್ರವರ್ತಿ ಎನಿಸಿಕೊಂಡ ರನ್ನನ ಊರಿದು. ಅವನ ಗದಾಯುದ್ಧ ಅರಸರ ಸಿಟ್ಟಿನ ಕಾವ್ಯ. ಊರೊಳಗೆ ಮಾತ್ರ ನನ್ನ ಕಿವಿಗೆ ಬಿದ್ದದ್ದು ರೊಟ್ಟಿಯ ಮಾತು. ಚಾದಂಗಡಿಯ ಮುಂದೆ ಕೂತಿದ್ದ ಹಿರಿಯರೊಬ್ಬರು ಹೇಳಿದರು: “ಮೊದಲ ಈ ಹೊಲದಾಗ ಬಿಳಿಜ್ವಾಳ ಇರ್ತಿತ್ರಿ. ಈಗ ಎಲ್ಲಾ ಕಬ್ಬ. ರೊಟ್ಟಿಗೆ ಜ್ವಾಳ ಸಂತ್ಯಾಗ ತರತೀವ್ರಿ.”

ಇದ್ದವರು ಸಂತೆಯಲ್ಲಿ ತರುತ್ತಾರೆ. ಹೊಲದಂಚಿನಲ್ಲಿ ಬೀಡುಬಿಟ್ಟ ಕಬ್ಬು ಕಡಿಯುವ ಗ್ಯಾಂಗಿನವರದು ಮುಂಗಡದ ಲೆಕ್ಕ. ಕಡಿದಷ್ಟೂ ಸಾಲ ತೀರಬೇಕು, ಉಳಿದದ್ದರಲ್ಲಿ ಒಲೆ ಉರಿಯಬೇಕು. ಮೂರು ಕಲ್ಲಿನ ಒಲೆಯ ಮುಂದೆ ಒಬ್ಬಾಕೆ ನಿನ್ನೆಯ ರೊಟ್ಟಿಗೆ ಖಾರ ಸವರಿ ಬುತ್ತಿ ಕಟ್ಟುತ್ತಿದ್ದಳು.

ಅರಸರ ಸಿಟ್ಟನ್ನು ರನ್ನ ಹಾಡಿದ; ಈ ಹಸಿವಿನ ಹಾಡನ್ನು ಕಟ್ಟಿದವರು ಯಾರು? ಹುಡುಕಿದರೆ ದಾರಿ ದೂರ ಹೋಗುತ್ತದೆ. 1969ರಲ್ಲಿ ಅಮೆರಿಕದ ಓಕ್ಲೆಂಡಿನಲ್ಲಿ ಕಪ್ಪು ಜನರ ಬ್ಲ್ಯಾಕ್ ಪ್ಯಾಂಥರ್ ಪಕ್ಷ ಶಾಲಾಮಕ್ಕಳಿಗೆ ಉಚಿತವಾಗಿ ಬೆಳಗಿನ ಉಪಾಹಾರ ಬಡಿಸತೊಡಗಿತು. ಅದರ ಕಲಾವಿದ ಎಮೊರಿ ಡಗ್ಲಸ್ ಅವರ ಕೇರಿಗಳ ಬಡತನವನ್ನು ದಪ್ಪ ಗೆರೆಗಳಲ್ಲಿ ಪಕ್ಷದ ಪತ್ರಿಕೆಗೆ ಬರೆದ. ಆ ಪಕ್ಷದ ಹೆಸರನ್ನೇ ಹೊತ್ತು 1972ರಲ್ಲಿ ಮುಂಬಯಿಯಲ್ಲಿ ದಲಿತ ಪ್ಯಾಂಥರ್ಸ್ ಹುಟ್ಟಿತು. ಮರುವರ್ಷ ಮೈಸೂರಿನಲ್ಲಿ ದಲಿತ ಸಚಿವ ಬಿ. ಬಸವಲಿಂಗಪ್ಪ ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಎಂದರು. ಗಲಾಟೆ ಎದ್ದಿತು, ಮಂತ್ರಿಗಿರಿ ಹೋಯಿತು. ದನದ ಮೇವಿನ ಆ ಮಾತಿಗೆ ಮನುಷ್ಯರ ಹಸಿವೇ ಉತ್ತರವಾಗಿ ಬಂತು: 1975ರಲ್ಲಿ ಕವಿ ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಅಚ್ಚಾಯಿತು; ಅವರ ಹಾಡುಗಳು ತಮಟೆಯ ಜೊತೆ ಮೆರವಣಿಗೆಗಳಲ್ಲಿ ನಡೆದವು.

ಅದೇ ಹಸಿವಿನ ಕಥೆಯಾದರೂ ದೇವನೂರ ಮಹಾದೇವರ ಕಿರುಕಾದಂಬರಿ ‘ಒಡಲಾಳ’ದಲ್ಲಿ ಕೂಗಾಟವಿಲ್ಲ. ಕದ್ದ ಕಡಲೆಕಾಯಿಯನ್ನು ಇಡೀ ಮನೆ ರಾತ್ರಿ ಸುಟ್ಟು ತಿನ್ನುತ್ತದೆ. ಅದೇ ಮನೆಯ ಹುಡುಗಿ ಪುಟ್ಟಗೌರಿ ಗೋಡೆಯ ಮೇಲೆ ನವಿಲು ಬರೆಯುತ್ತಾಳೆ. ಹೊಟ್ಟೆಯ ಹಸಿವೂ ಬಣ್ಣದ ಹಸಿವೂ ಒಂದೇ ಸೂರಿನಡಿ.

ಹೊರಡುವಾಗ ಮತ್ತೆ ಆ ಕಬ್ಬು ಕಡಿಯುವವರ ಗುಡಿಸಲ ಮುಂದೆ ನಿಂತೆ. ಕಬ್ಬಿನ ರವದಿ, ಮೇಲೊಂದು ಪ್ಲಾಸ್ಟಿಕ್ ತಾಡಪತ್ರಿ. ನಾಲ್ಕೈದು ವರ್ಷದ ಹುಡುಗಿಯೊಬ್ಬಳು ಕಬ್ಬಿನ ತುಂಡಿನಿಂದ ಮಣ್ಣಿನಲ್ಲಿ ಏನನ್ನೋ ಗೀರುತ್ತಿದ್ದಳು. ನವಿಲು ಬರೆಯಲು ಅವಳಿಗೆ ಗೋಡೆಯೇ ಇಲ್ಲ.