ಕಳ್ಳರಿಂದ ಮನೆಯ ರಕ್ಷಣೆ: ಇಲ್ಲಿಯ ಮನೆ, ಊರಿನ ಮನೆ



ವೈದ್ಯನಾದವನು ರಕ್ತದೊತ್ತಡದ ಬಗೆಗೋ ಸಕ್ಕರೆ ಕಾಯಿಲೆಯ ಬಗೆಗೋ ಮಾತನಾಡುವುದು ವಾಡಿಕೆ. ಈ ಸಲ ನಾನು ಮನೆಗಳ್ಳತನದ ವಿಷಯವನ್ನು ಆರಿಸಿಕೊಂಡಿದ್ದೇನೆ. ಅದಕ್ಕೆ ಕಾರಣ ಒಬ್ಬ ತಾಯಿ. ಎರಡು ವರ್ಷಗಳ ಹಿಂದೆ ರಜೆಯಲ್ಲಿ ಊರಿಗೆ ಹೋಗಿದ್ದಾಗ, ಉಡುಪಿಯ ಸಮೀಪದ ಹಳ್ಳಿಯೊಂದರಲ್ಲಿ ಒಂಟಿಯಾಗಿ ಬಾಳುತ್ತಿದ್ದ ಆ ವೃದ್ಧೆಯನ್ನು ನೋಡಿ ಬರುವಂತೆ ಇಲ್ಲಿರುವ ಅವರ ಮಗ ಕೇಳಿಕೊಂಡಿದ್ದರು. ಎರಡು ಬಗೆಯ ಮಾತ್ರೆ ನುಂಗಿದರೂ ರಕ್ತದೊತ್ತಡ ಇಳಿದಿರಲಿಲ್ಲ, ರಾತ್ರಿ ನಿದ್ರೆಯಿಲ್ಲ. ಬಿಡಿಸಿ ಬಿಡಿಸಿ ಕೇಳಿದಾಗ ಅವರು ತಗ್ಗಿದ ದನಿಯಲ್ಲಿ ಹೇಳಿದರು: "ಡಾಕ್ಟ್ರೇ, ಮಗ ಬೆವರು ಸುರಿಸಿ ಮಾಡಿದ ಚಿನ್ನ ಈ ಮಂಚದ ಅಡಿಯಲ್ಲಿ ಉಂಟು. ಸೊಸೆಯದ್ದೂ ಉಂಟು. ನನಗೆ ಕಣ್ಣು ಮುಚ್ಚುವುದು ಹೇಗೆ?"

ಈ ಮಾತು ಅಂದಿನಿಂದ ನನ್ನನ್ನು ಬಿಟ್ಟಿಲ್ಲ. ಕೊಲ್ಲಿಯ ಕನ್ನಡಿಗನಿಗೆ ಮನೆ ಎರಡು. ಒಂದು, ಕರಾಮಾದಲ್ಲೋ ಮುಸ್ಸಫಾದಲ್ಲೋ ಇರುವ ಬಾಡಿಗೆಯ ಮನೆ. ಬೇಸಿಗೆಯ ರಜೆ ಬಂದಾಗ ವಾರಗಟ್ಟಲೆ ಬೀಗ ಹಾಕಿಕೊಂಡಿರುತ್ತದೆ. ಇನ್ನೊಂದು, ಊರಿನಲ್ಲಿ ಕಟ್ಟಿಸಿದ ಮನೆ. ಅಲ್ಲಿ ವಯಸ್ಸಾದ ತಂದೆತಾಯಿಯರಿರುತ್ತಾರೆ, ಇಲ್ಲವೇ ಯಾರೂ ಇರುವುದಿಲ್ಲ. ಮೊದಲನೆಯದಕ್ಕೆ ನಾವು ಬೀಗದ ಮೇಲೆ ಬೀಗ ಹಾಕುತ್ತೇವೆ. ಎರಡನೆಯದರಲ್ಲಿ ಹೆತ್ತವರನ್ನೇ ಬೀಗವನ್ನಾಗಿ ಮಾಡಿಬಿಟ್ಟಿದ್ದೇವೆ.

ಕಳ್ಳನಿಗೆ ಬೇಕಾದುದೇನು?

ನಮ್ಮ ಭಾಷೆಯಲ್ಲಿ 'ಕನ್ನ ಹಾಕುವುದು' ಎಂಬ ಮಾತಿದೆ. ಮಣ್ಣಿನ ಗೋಡೆಯ ಕಾಲದಲ್ಲಿ ಕಳ್ಳನು ಬಾಗಿಲಿನ ತಂಟೆಗೆ ಹೋಗದೆ ಗೋಡೆಗೇ ತೂತು ಕೊರೆಯುತ್ತಿದ್ದ. ಚಿತ್ರದುರ್ಗದ ಏಳು ಸುತ್ತಿನ ಕೋಟೆಯ ಕಥೆಯಲ್ಲಿಯೂ ಶತ್ರು ನುಸುಳಲು ನೋಡಿದ್ದು ಒಂದು ಕಿಂಡಿಯಿಂದಲೇ ಎಂಬುದನ್ನು ಓಬವ್ವನ ಹೆಸರು ಕೇಳಿದವರೆಲ್ಲ ಬಲ್ಲರು. ಗೋಡೆ ಕಾಂಕ್ರೀಟಿನದಾದರೂ ಕಳ್ಳನ ಲೆಕ್ಕಾಚಾರ ಬದಲಾಗಿಲ್ಲ. ಅವನಿಗೆ ಮೂರು ಸಂಗತಿಗಳು ಬೇಕು: ಒಳಗೆ ಯಾರೂ ಇಲ್ಲವೆಂಬ ಭರವಸೆ, ಬೆಲೆಬಾಳುವ ವಸ್ತು ಇದೆಯೆಂಬ ಸುಳಿವು, ಅವಸರವಿಲ್ಲದೆ ಹುಡುಕಲು ಸಮಯ. ಈ ಮೂರರಲ್ಲಿ ಒಂದನ್ನು ತಪ್ಪಿಸಿದರೂ ಅವನು ಪಕ್ಕದ ಬಾಗಿಲನ್ನು ನೋಡಿಕೊಳ್ಳುವ ಸಂಭವವೇ ಹೆಚ್ಚು. ರೋಗ ತಡೆಯುವ ಕ್ರಮವೂ ಹೀಗೆಯೇ. ಎಲ್ಲ ಕ್ರಿಮಿಗಳನ್ನೂ ಕೊಲ್ಲಲಾಗದು. ಅವು ಒಳಬರುವ ದಾರಿಗಳನ್ನು ಕಡಿಮೆ ಮಾಡಬಹುದು.

ಚಿನ್ನದ ಬೆಲೆ ಏರಿದಷ್ಟೂ ಈ ಎಚ್ಚರದ ಅಗತ್ಯವೂ ಏರುತ್ತದೆ. 2025ರ ಅಕ್ಟೋಬರಿನಲ್ಲಿ ಚಿನ್ನದ ಬೆಲೆ ಮೊದಲ ಬಾರಿಗೆ ಔನ್ಸ್‌ಗೆ 4,000 ಡಾಲರ್ ದಾಟಿತು. ಹತ್ತು ವರ್ಷಗಳ ಹಿಂದೆ ದೇರಾದ ಚಿನ್ನದ ಪೇಟೆಯಲ್ಲಿ ಕೊಂಡ ಬಳೆಗಳು ಇಂದು ಕಪಾಟಿನಲ್ಲಿ ಎಷ್ಟು ಮೌಲ್ಯದವಾಗಿ ಕುಳಿತಿವೆ ಎಂಬುದನ್ನು ನಮ್ಮಲ್ಲಿ ಎಷ್ಟೋ ಮಂದಿ ಲೆಕ್ಕ ಹಾಕಿಯೇ ಇಲ್ಲ.

ಇಲ್ಲಿಯ ಮನೆ

ಸಂಯುಕ್ತ ಅರಬ್ ಸಂಸ್ಥಾನಗಳಲ್ಲಿ ನಾವು ನೆಮ್ಮದಿಯಿಂದ ಬದುಕುತ್ತಿದ್ದೇವೆ. ಆದರೆ ಆ ನೆಮ್ಮದಿಯೇ ಅಲಕ್ಷ್ಯಕ್ಕೆ ದಾರಿಯಾಗಬಾರದು. ಕೆಳಗಿನ ಅಂಗಡಿಗೆ ಹೋಗುವಾಗ ಬಾಗಿಲನ್ನು ಬರಿದೇ ಎಳೆದುಕೊಂಡು ಹೋಗುವವರು, ಕೀಲಿಯನ್ನು ಪಾದರಕ್ಷೆಯ ಗೂಡಿನಲ್ಲಿಡುವವರು ನಮ್ಮಲ್ಲಿದ್ದಾರೆ.

ಜುಲೈ ಆಗಸ್ಟ್ ತಿಂಗಳುಗಳಲ್ಲಿ ಶಾಲೆಗಳಿಗೆ ರಜೆ. ಇಲ್ಲಿ ಅಂಚೆಯು ಪೋಸ್ಟ್ ಬಾಕ್ಸ್‌ಗೆ ಹೋಗುವುದರಿಂದ ಬಾಗಿಲಲ್ಲಿ ಕಾಗದಗಳು ಬೀಳುವುದಿಲ್ಲ. ಆದರೆ ಹೋಟೆಲುಗಳ, ಲಾಂಡ್ರಿಗಳ ಜಾಹೀರಾತು ಚೀಟಿಗಳು ಹಿಡಿಕೆಗೆ ಸಿಕ್ಕಿಸಿಕೊಂಡು ಬೆಳೆಯುತ್ತ ಹೋಗುತ್ತವೆ. 'ಈ ಮನೆಯಲ್ಲಿ ಹತ್ತು ದಿನಗಳಿಂದ ಯಾರೂ ಇಲ್ಲ' ಎಂಬ ಫಲಕವನ್ನು ನಾವೇ ತೂಗುಹಾಕಿದಂತೆ ಅದು. ಎರಡು ದಿನಕ್ಕೊಮ್ಮೆ ಅವನ್ನು ತೆಗೆಯುವಂತೆ ನೆರೆಯವರನ್ನು ಕೇಳಿಕೊಳ್ಳಿರಿ. ಸಂಜೆ ಉರಿದು ರಾತ್ರಿ ಆರುವಂತೆ ಒಂದು ದೀಪಕ್ಕೆ ಟೈಮರ್ ಹಾಕಿಸಿರಿ. ಊರಿನ ಜಾತ್ರೆಯ, ಮದುವೆಯ ಚಿತ್ರಗಳನ್ನು ಮರಳಿ ಬಂದ ಮೇಲೆ ಎಲ್ಲರಿಗೂ ತೋರಿಸಿದರಾಯಿತು; ವಿಮಾನ ನಿಲ್ದಾಣದಿಂದಲೇ ಫೇಸ್‌ಬುಕ್ಕಿಗೆ ಹಾಕುವ ಅವಸರ ಬೇಡ.

ದುಬೈಯಲ್ಲಿ ವಿಲ್ಲಾಗಳಲ್ಲಿರುವವರಿಗೆ ಒಂದು ಒಳ್ಳೆಯ ಸೌಲಭ್ಯವಿದೆ. ಪ್ರವಾಸಕ್ಕೆ ಹೊರಡುವ ಮುನ್ನ ದುಬೈ ಪೊಲೀಸರ ಆ್ಯಪ್‌ನಲ್ಲಿ 'ಹೋಮ್ ಸೆಕ್ಯುರಿಟಿ' ಸೇವೆಗೆ ಹೆಸರು ನೋಂದಾಯಿಸಿದರೆ ಗಸ್ತಿನ ಪೊಲೀಸರು ನಿಮ್ಮ ಮನೆಯ ಮೇಲೆ ಕಣ್ಣಿಡುತ್ತಾರೆ. ಇದಕ್ಕೆ ಶುಲ್ಕವಿಲ್ಲ. ಫ್ಲ್ಯಾಟುಗಳಿಗೆ ಈ ಸೇವೆ ಅನ್ವಯಿಸುವುದಿಲ್ಲವಾದುದರಿಂದ ಅಲ್ಲಿ ಕಟ್ಟಡದ ಕಾವಲುಗಾರನೂ ನಂಬಿಕೆಯ ನೆರೆಯವರೂ ನಮಗೆ ಆಧಾರ. ನಾವು ಇಲ್ಲದ ದಿನಗಳು ಆ ಇಬ್ಬರಿಗೆ ತಿಳಿದಿದ್ದರೆ ಸಾಕು. ಇಡೀ ಕಟ್ಟಡಕ್ಕೆ ತಿಳಿಯಬೇಕಾಗಿಲ್ಲ.

ಬಾಡಿಗೆಯ ಮನೆಗೆ ಹೊಸದಾಗಿ ಬಂದವರು, ಮಾಲೀಕರ ಒಪ್ಪಿಗೆ ಪಡೆದು, ಮೊದಲು ಬೀಗದ ಸಿಲಿಂಡರನ್ನು ಬದಲಿಸಬೇಕು. ಹಿಂದೆ ಇದ್ದವರ ಬಳಿ, ಅವರ ಕೆಲಸದವರ ಬಳಿ, ದುರಸ್ತಿಗೆ ಬಂದವರ ಬಳಿ ಎಷ್ಟು ಕೀಲಿಗಳು ಉಳಿದಿವೆಯೆಂದು ಯಾರು ಬಲ್ಲರು? ಬಾಲ್ಕನಿಯ ಜಾರುಬಾಗಿಲಿನ ಹಳಿಯಲ್ಲಿ ಅಳತೆಗೆ ಕತ್ತರಿಸಿದ ಒಂದು ಮರದ ಕೋಲನ್ನಿಟ್ಟರೆ ಅದನ್ನು ಹೊರಗಿನಿಂದ ಸರಿಸಲಾಗದು. ಬಾಡಿಗೆ ಉಳಿಸಲು ಒಂದು ಕೋಣೆಯನ್ನು ಇತರರಿಗೆ ಕೊಡುವ ಪದ್ಧತಿ ಇದೆ. ನಿಯಮದ ಪ್ರಕಾರ ಒಪ್ಪಂದವಿಲ್ಲದೆ ಹಾಗೆ ಕೊಡುವುದು ತಪ್ಪು; ಜೊತೆಗೆ, ಪೂರ್ವಾಪರ ತಿಳಿಯದವರ ಕೈಗೆ ಮುಂಬಾಗಿಲಿನ ಕೀಲಿಯನ್ನೇ ಇತ್ತಂತಾಗುತ್ತದೆ.

ಕ್ಯಾಮೆರಾ ಹಾಕಿಸುವವರು ಎರಡು ಮಾತುಗಳನ್ನು ನೆನಪಿಡಬೇಕು. ಒಂದು, ಇತರರ ಖಾಸಗಿತನಕ್ಕೆ ಇಲ್ಲಿಯ ಕಾನೂನು ಬಿಗಿಯಾದ ರಕ್ಷಣೆ ಕೊಡುತ್ತದೆ. ಕ್ಯಾಮೆರಾ ನಮ್ಮ ಬಾಗಿಲನ್ನಷ್ಟೇ ನೋಡಬೇಕು, ಎದುರು ಮನೆಯವರ ಬಾಗಿಲನ್ನಲ್ಲ. ಅಳವಡಿಸುವ ಕೆಲಸ ಪರವಾನಗಿ ಇರುವವರಿಂದಲೇ ಆಗಬೇಕು. ಎರಡು, ಚಿತ್ರಗಳು ಮನೆಯ ಹೊರಗೂ ಉಳಿಯುವಂತಿರಬೇಕು. 2024ರ ಅಕ್ಟೋಬರಿನಲ್ಲಿ ದಾವಣಗೆರೆ ಜಿಲ್ಲೆಯ ನ್ಯಾಮತಿಯ ಬ್ಯಾಂಕ್ ಶಾಖೆಗೆ ಕಿಟಕಿಯ ಸರಳು ತೆಗೆದು ನುಗ್ಗಿದ ಕಳ್ಳರು 17 ಕಿಲೋಗೂ ಮೀರಿದ ಚಿನ್ನದ ಜೊತೆಗೆ ಕ್ಯಾಮೆರಾದ ದಾಖಲೆಯ ಪೆಟ್ಟಿಗೆಯನ್ನೂ ಹೊತ್ತೊಯ್ದಿದ್ದರು. ತಮಿಳುನಾಡಿನ ಬಾವಿಯೊಂದರಿಂದ ಆ ಚಿನ್ನವನ್ನು ಪೊಲೀಸರು ಮೇಲೆತ್ತುವಾಗ ಐದು ತಿಂಗಳು ಕಳೆದಿತ್ತು.

ಒಂದು ಎಚ್ಚರಿಕೆ

ಕಳ್ಳನ ಭಯದಿಂದ ಮನೆಯನ್ನು ಸೆರೆಮನೆ ಮಾಡಬೇಡಿರಿ. ಒಳಗಿನಿಂದ ಬೀಗ ಜಡಿದು ಕೀಲಿಯನ್ನು ಎಲ್ಲಿಯೋ ಅಡಗಿಸಿಟ್ಟರೆ, ಬೆಂಕಿ ಬಿದ್ದ ರಾತ್ರಿ ಹೊಗೆಯಲ್ಲಿ ಆ ಕೀಲಿ ಸಿಗುವುದಿಲ್ಲ. ಬೆಂಕಿ ಬಿದ್ದ ಮನೆಗಳಲ್ಲಿ ಸುಟ್ಟು ಸಾಯುವವರಿಗಿಂತ ಹೊಗೆ ಕುಡಿದು ಸಾಯುವವರೇ ಹೆಚ್ಚು; ಕೆಲವೇ ನಿಮಿಷಗಳಲ್ಲಿ ಪ್ರಜ್ಞೆ ತಪ್ಪುತ್ತದೆ. ಒಳಗಿರುವವರು ಕೀಲಿಯಿಲ್ಲದೆ, ಕೈಯಿಂದ ತಿರುಗಿಸಿ ತೆರೆಯಬಲ್ಲ ಬೀಗವೇ ಮೇಲು. ಊರಿನ ಮನೆಯ ಕಿಟಕಿಗಳಿಗೆಲ್ಲ ಸರಳು ಬಡಿಸಿದವರು ಒಂದು ಕಿಟಕಿಯ ಸರಳಾದರೂ ಒಳಗಿನಿಂದ ಬಿಚ್ಚುವಂತೆ ಮಾಡಿಸಿರಿ. ಮನೆಗೆಲಸದವರನ್ನು ಒಳಗಿಟ್ಟು ಹೊರಗಿನಿಂದ ಬೀಗ ಹಾಕಿ ಹೋಗುವುದು ಎಂದೆಂದಿಗೂ ಸಲ್ಲದು.

ಚಿನ್ನವೆಲ್ಲಿರಬೇಕು?

ಚಿನ್ನವನ್ನು ಎರಡು ಪಾಲು ಮಾಡಿರಿ. ದಿನವೂ ತೊಡುವುದು ಮೈಮೇಲೆ. ಹಬ್ಬ ಮದುವೆಗಳಿಗೆ ಮಾತ್ರ ಬೇಕಾದುದು ಬ್ಯಾಂಕಿನ ಲಾಕರಿನಲ್ಲಿ. ಮನೆಯ ಗೋಡ್ರೇಜ್ ಕಪಾಟು, ಹಾಸಿಗೆಯ ಅಡಿ, ಅಕ್ಕಿಯ ಡಬ್ಬಿ, ದೇವರ ಕೋಣೆ, ಇವೆಲ್ಲ ನಮಗೆ ಗುಟ್ಟಿನ ಜಾಗಗಳು. ಕಳ್ಳನು ಮೊದಲು ಕೈಹಾಕುವುದೂ ಇಲ್ಲಿಯೇ.

ಲಾಕರೆಂದರೆ ಪೂರ್ಣ ಅಭಯವೆಂದು ತಿಳಿಯಬಾರದು. 2022ರ ಜನವರಿ 1ರಿಂದ ಜಾರಿಗೆ ಬಂದ ರಿಸರ್ವ್ ಬ್ಯಾಂಕಿನ ನಿಯಮದಂತೆ, ಕಳ್ಳತನ, ದರೋಡೆ, ಬೆಂಕಿ, ಕಟ್ಟಡದ ಕುಸಿತ ಅಥವಾ ಸಿಬ್ಬಂದಿಯ ವಂಚನೆಯಿಂದ ನಷ್ಟವಾದರೆ ಬ್ಯಾಂಕಿನ ಹೊಣೆ ಲಾಕರಿನ ವಾರ್ಷಿಕ ಬಾಡಿಗೆಯ ನೂರು ಪಟ್ಟಿಗೆ ಸೀಮಿತ. ಬಾಡಿಗೆ 4,000 ರೂಪಾಯಿಯಾದರೆ ಪರಿಹಾರದ ಮಿತಿ 4 ಲಕ್ಷ. ಒಳಗಿರುವುದು 40 ಲಕ್ಷದ ಚಿನ್ನವಾದರೂ ಅಷ್ಟೇ. ಆದುದರಿಂದ ಚಿನ್ನ ಹೆಚ್ಚಿದ್ದರೆ ಎರಡು ಕಡೆ ಹಂಚಿಡುವುದೂ, ಆಭರಣಗಳಿಗೆ ಪ್ರತ್ಯೇಕ ವಿಮೆ ಮಾಡಿಸುವುದೂ ಲೇಸು.

ಹೊರನಾಡಿನಲ್ಲಿರುವ ನಮಗೆ ಅದೇ ನಿಯಮಗಳಲ್ಲಿ ಇನ್ನೊಂದು ಅಂಶ ಮುಖ್ಯ. ಏಳು ವರ್ಷ ಲಾಕರನ್ನು ತೆರೆಯದೆ, ಬ್ಯಾಂಕಿಗೆ ಬಾಡಿಗೆದಾರರ ಪತ್ತೆಯೂ ಆಗದಿದ್ದರೆ, ಬಾಡಿಗೆ ಸಲ್ಲುತ್ತಿದ್ದರೂ ಅದನ್ನು ಒಡೆದು ತೆರೆಯುವ ಅಧಿಕಾರ ಬ್ಯಾಂಕಿಗಿದೆ. ಪ್ರತಿ ರಜೆಯಲ್ಲಿಯೂ ಒಮ್ಮೆ ಹೋಗಿ ತೆರೆದು ಬನ್ನಿರಿ. ವಿಳಾಸ ಹಾಗೂ ದೂರವಾಣಿ ಸಂಖ್ಯೆ ಬದಲಾಗಿದ್ದರೆ ತಿಳಿಸಿರಿ. ನಾಮಿನಿಯ ಹೆಸರನ್ನು ಬರೆಸಿರಿ.

ವಿಮೆಯ ಬಗೆಗೂ ತಪ್ಪು ತಿಳಿವಳಿಕೆಯಿದೆ. ಭಾರತದಲ್ಲಿ 2021ರ ಏಪ್ರಿಲಿನಿಂದ ಬಂದಿರುವ 'ಭಾರತ್ ಗೃಹ ರಕ್ಷಾ' ಪಾಲಿಸಿಯಲ್ಲಿ, ಬೆಂಕಿ ಅಥವಾ ಪ್ರವಾಹದಂತಹ ಅವಘಡವಾದ ಏಳು ದಿನಗಳೊಳಗೆ ನಡೆದ ಕಳವಿಗೆ ಮಾತ್ರ ರಕ್ಷಣೆಯಿದೆ. ಬೀಗ ಮುರಿದು ನಡೆಯುವ ಸಾಮಾನ್ಯ ಕಳ್ಳತನಕ್ಕೆ ಬೇರೆಯೇ ರಕ್ಷಣೆಯನ್ನು ಕೇಳಿ ಪಡೆಯಬೇಕು. ಇಲ್ಲಿಯ ಪಾಲಿಸಿಗಳಲ್ಲಿಯೂ ಒಂದೊಂದು ಆಭರಣಕ್ಕೆ ಮಿತಿ ಎಷ್ಟು, ಮನೆ ಎಷ್ಟು ದಿನ ಖಾಲಿಯಿದ್ದರೆ ರಕ್ಷಣೆ ತಪ್ಪುತ್ತದೆ ಎಂಬುದನ್ನು ಸಹಿ ಹಾಕುವ ಮುನ್ನವೇ ಓದಿರಿ.

ಇವೆಲ್ಲಕ್ಕೂ ಬುನಾದಿ ಒಂದು ಪಟ್ಟಿ. ಪ್ರತಿ ಒಡವೆಯ ಚಿತ್ರ, ತೂಕ, ಕ್ಯಾರೆಟ್, ಅಂಗಡಿಯ ರಸೀದಿ. ಪ್ರತಿ ಲ್ಯಾಪ್‌ಟಾಪಿನ ಕ್ರಮಸಂಖ್ಯೆ. ಒಂದು ಪ್ರತಿ ಇಲ್ಲಿ, ಒಂದು ಊರಿನಲ್ಲಿ. ಕದ್ದ ಮಾಲು ಸಿಕ್ಕರೂ ಅದು ನಮ್ಮದೆಂದು ತೋರಿಸಲು ಬೇರೆ ದಾರಿಯಿಲ್ಲ.

ಚಿನ್ನವನ್ನು ಊರಿಗೆ ಸಾಗಿಸುವಾಗಲೂ ಲೆಕ್ಕ ಬೇಕು. ಒಂದು ವರ್ಷಕ್ಕಿಂತ ಹೆಚ್ಚು ಕಾಲ ಹೊರದೇಶದಲ್ಲಿದ್ದು ಮರಳುವ ಮಹಿಳೆಯರು 40 ಗ್ರಾಂ, ಪುರುಷರು 20 ಗ್ರಾಂವರೆಗಿನ ಆಭರಣವನ್ನು ಸುಂಕವಿಲ್ಲದೆ ಒಯ್ಯಬಹುದು. ಊರಿನ ಒಡವೆಯನ್ನು ಇಲ್ಲಿಗೆ ತರುವವರು ಹೊರಡುವಾಗಲೇ ಕಸ್ಟಮ್ಸ್‌ನಲ್ಲಿ ರಫ್ತು ಪ್ರಮಾಣಪತ್ರ ಪಡೆದರೆ ಮರಳುವಾಗ ತೊಂದರೆಯಿಲ್ಲ.

ಊರಿನ ಮನೆ

2024ರ ಜುಲೈಯಲ್ಲಿ ಮಂಗಳೂರಿನ ಕೋಟೆಕಣಿಯಲ್ಲಿ ಕಿಟಕಿಯ ಸರಳು ಕತ್ತರಿಸಿ ನುಗ್ಗಿದ ತಂಡವೊಂದು ಮನೆಯಲ್ಲಿದ್ದ ವೃದ್ಧ ದಂಪತಿಗಳ ಮೇಲೆ ಹಲ್ಲೆ ಮಾಡಿ, ಆಭರಣಗಳನ್ನು ದೋಚಿ ಅವರ ಕಾರಿನಲ್ಲಿಯೇ ಪರಾರಿಯಾಯಿತು. ಅದೇ ದಿನ ಸಕಲೇಶಪುರದಲ್ಲಿ ಆ ತಂಡ ಪೊಲೀಸರ ಕೈಗೆ ಸಿಕ್ಕಿಬಿತ್ತು. ಮಾಲು ಸಿಗಬಹುದು, ಎಪ್ಪತ್ತರ ವಯಸ್ಸಿನಲ್ಲಿ ಬಿದ್ದ ಏಟಿನ ನೋವು, ರಾತ್ರಿಯ ಸದ್ದಿಗೆಲ್ಲ ಬೆಚ್ಚಿಬೀಳುವ ಭಯ ಸುಲಭವಾಗಿ ಹೋಗುವುದಿಲ್ಲ. ಅಂತಹವರಿಗೆ ಚಿಕಿತ್ಸೆ ಮಾಡಿರುವ ನಾನು ಇದನ್ನು ಬಲ್ಲೆ.

ಆದುದರಿಂದ ಊರಿನ ಮನೆಯ ಮೊದಲ ರಕ್ಷಣೆ ಅಲ್ಲಿ ಚಿನ್ನವಿಲ್ಲದಿರುವುದು. ಇಲ್ಲವೆಂಬುದು ನೆರೆಕೆರೆಯವರಿಗೂ ತಿಳಿದಿರಲಿ. ತಾಯಿಯೇ ಮಾತಿನ ನಡುವೆ 'ಎಲ್ಲ ಬ್ಯಾಂಕಿನಲ್ಲಿಟ್ಟಾಯಿತು' ಎಂದು ನಾಲ್ಕು ಜನರೆದುರು ಹೇಳಲಿ. ಬಳಿಕ ಹೊರಗಿನ ದೀಪ, ಬಾಗಿಲಿನ ಸರಪಳಿ, ಒಂದು ಗುಂಡಿ ಒತ್ತಿದರೆ ನೆರೆಮನೆಗೆ ಕರೆ ಹೋಗುವ ಫೋನ್. ತುರ್ತು ಸಂಖ್ಯೆ 112 ಅನ್ನು ದೊಡ್ಡ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿರಿ. ಬೀಗ ಹಾಕಿರುವ ಮನೆಯ ವಿಷಯವನ್ನು ಠಾಣೆಗೆ ತಿಳಿಸಿ ಹೋಗಿರಿ. ಕಾಸರಗೋಡಿನ ಬಂಧುಗಳು ಕೇರಳ ಪೊಲೀಸರ 'ಪೋಲ್ ಆ್ಯಪ್'ನಲ್ಲಿಯೇ ಇದನ್ನು ತಿಳಿಸಬಹುದು.

ಕಳ್ಳ ಬಂದೇಬಿಟ್ಟರೆ

ಎದುರಿಸಬೇಡಿರಿ. ಸಿಕ್ಕಿಬಿದ್ದೆನೆಂಬ ಭಯದಲ್ಲಿರುವ ಕಳ್ಳನೂ, ಎದೆಬಡಿತ ಏರಿ ವಿವೇಕ ತಪ್ಪಿದ ಮನೆಯೊಡೆಯನೂ ಕತ್ತಲೆಯಲ್ಲಿ ಸೇರಿದರೆ ಅನಾಹುತವೇ. ಕೇಳಿದ್ದನ್ನು ಕೊಟ್ಟು, ದಾರಿ ಬಿಟ್ಟು, ಮುಖ ಮತ್ತು ಮಾತಿನ ಗುರುತು ಇಟ್ಟುಕೊಳ್ಳಿರಿ. ಹೊರಗಿನಿಂದ ಬಂದಾಗ ಬಾಗಿಲು ಮುರಿದಿದ್ದರೆ ಒಳಗೆ ಹೋಗದೆ 999ಕ್ಕೆ ಕರೆ ಮಾಡಿರಿ, ಯಾವುದನ್ನೂ ಮುಟ್ಟಬೇಡಿರಿ. 2007ರ ಏಪ್ರಿಲಿನಲ್ಲಿ ದುಬೈಯ ವಾಫಿ ಮಾಲ್‌ನೊಳಕ್ಕೆ ಎರಡು ಕಾರುಗಳನ್ನೇ ನುಗ್ಗಿಸಿ ಗ್ರಾಫ್ ವಜ್ರದಂಗಡಿಯನ್ನು ಕೆಲವೇ ನಿಮಿಷಗಳಲ್ಲಿ ದೋಚಿದ 'ಪಿಂಕ್ ಪ್ಯಾಂಥರ್' ತಂಡವು ಆ ಕಾರುಗಳಿಗೆ ಬೆಂಕಿಯಿಟ್ಟು ಹೋಗಿತ್ತು. ಹಾಗಿದ್ದರೂ ಅವುಗಳಲ್ಲಿ ಉಳಿದಿದ್ದ ಡಿಎನ್‌ಎ ಪೊಲೀಸರಿಗೆ ಸುಳಿವಾಯಿತು. ನಮ್ಮ ಮನೆಯಲ್ಲಿಯೂ ಅಂತಹ ಸುಳಿವಿರಬಹುದು. ನಾವೇ ಗುಡಿಸಿ ಒರೆಸಿ ಅದನ್ನು ಅಳಿಸಬಾರದು. ಪಾಸ್‌ಪೋರ್ಟ್ ಕಳವಾಗಿದ್ದರೆ ಹೊಸದನ್ನು ಪಡೆಯಲು ಪೊಲೀಸ್ ವರದಿ ಬೇಕಾಗುತ್ತದೆ. ಅದನ್ನು ಕೂಡಲೇ ಪಡೆಯಿರಿ.

ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆಂಬ ಗಾದೆಯನ್ನು ನಾವೆಲ್ಲ ಬಲ್ಲೆವು. ಈ ರಜೆಗೆ ಹೊರಡುವ ಮುನ್ನ ಆ ದಿಡ್ಡಿ ಬಾಗಿಲನ್ನೊಮ್ಮೆ ನೋಡಿ ಬರೋಣ.

ನಾನು ಮೊದಲು ಹೇಳಿದ ಆ ತಾಯಿಯ ಮಗ ಮರುವರ್ಷ ಊರಿಗೆ ಹೋದಾಗ ಚಿನ್ನವನ್ನೆಲ್ಲ ಲಾಕರಿಗೆ ಸೇರಿಸಿದರು. ಇತ್ತೀಚೆಗೆ ಅವರನ್ನು ಮತ್ತೆ ಕಂಡೆ. ರಕ್ತದೊತ್ತಡ ಹತೋಟಿಗೆ ಬಂದಿದೆ. ಅದಕ್ಕೆ ಮಾತ್ರೆ ಎಷ್ಟು ಕಾರಣ, ಲಾಕರು ಎಷ್ಟು ಕಾರಣ ಎಂದು ವೈದ್ಯನಾಗಿ ನಾನು ಅಳೆದು ಹೇಳಲಾರೆ. "ಈಗ ನಿದ್ದೆ ಬರುತ್ತದೆಯೇ ಅಮ್ಮಾ?" ಎಂದು ಕೇಳಿದೆ. "ಬೆಳಿಗ್ಗೆ ಹಾಲಿನವನು ಕೂಗಿದಾಗಲೇ ಎಚ್ಚರ" ಎಂದರು.

ನಿಮ್ಮೆಲ್ಲರ ಹೆತ್ತವರಿಗೂ ಅಂತಹ ನಿದ್ರೆ ದೊರೆಯಲಿ.