ಪೇಟ ಕಟ್ಟುವ ಕಲೆ

ಮಂಚೇನಹಳ್ಳಿಯ ಸೀಮೆಯವರಿಗೆ ಪೇಟವೆಂದೊಡನೆ ನೆನಪಾಗುವವರು ಇದೇ ಜಿಲ್ಲೆಯ ಮುದ್ದೇನಹಳ್ಳಿಯಲ್ಲಿ ಜನಿಸಿದ ಸರ್ ಎಂ. ವಿಶ್ವೇಶ್ವರಯ್ಯನವರು. 1912ರಿಂದ 1918ರವರೆಗೆ ಮೈಸೂರಿನ ದಿವಾನರಾಗಿದ್ದ ಆ ಮಹನೀಯರ ಭಾವಚಿತ್ರಗಳಲ್ಲಿ ಸರಿಗೆಯಂಚಿನ ಪೇಟವು ಮುಖದಷ್ಟೇ ಪರಿಚಿತವಾದುದು.

ಪೇಟವು ಮೂಲತಃ ಹೊಲಿದ ಟೊಪ್ಪಿಗೆಯಲ್ಲ. ಹಲವು ಗಜ ಉದ್ದದ ಒಂದೇ ವಸ್ತ್ರ. ಅದನ್ನು ನೀಳವಾಗಿ ಮಡಿಸಿ, ಹಣೆಯ ಮೇಲೆ ಸುತ್ತುಗಳು ಒಂದರ ಮೇಲೊಂದು ಓರೆಯಾಗಿ ಕೂರುವಂತೆಯೂ, ಸರಿಗೆಯು ಹೊರಗೆ ಕಾಣುವಂತೆಯೂ ಕಟ್ಟಬೇಕು. ಬಿಗಿ ಹೆಚ್ಚಿದರೆ ತಲೆ ನೋಯುವುದು, ಸಡಿಲವಾದರೆ ಜಾರುವುದು. ಆ ಹದವಿರುವುದು ಕಟ್ಟುವವನ ಕೈಯಲ್ಲಿಯೇ ಹೊರತು ಬಟ್ಟೆಯಲ್ಲಲ್ಲ.

ಇಂದು ಸನ್ಮಾನಸಭೆಗಳಲ್ಲಿ ತೊಡಿಸುವ ಪೇಟಗಳು ಬಹುಮಟ್ಟಿಗೆ ಮುಂಚಿತವಾಗಿಯೇ ಸುತ್ತಿ ಹೊಲಿದಿಟ್ಟವು. ಕ್ಷಣಮಾತ್ರದಲ್ಲಿ ತಲೆಗೇರುವುವು, ಸಭೆ ಮುಗಿದೊಡನೆ ಕಪಾಟು ಸೇರುವುವು. ಹೀಗೆ ಪೇಟವು ಉಳಿದರೂ ಕಟ್ಟುವ ವಿದ್ಯೆಯು ಮನೆಗಳಿಂದ ಮರೆಯಾಗುತ್ತಿದೆ.

ರೇಷ್ಮೆಗೆ ಹೆಸರಾದ ಶಿಡ್ಲಘಟ್ಟವು ನಮ್ಮ ನೆರೆಯಲ್ಲಿಯೇ ಇದೆ. ನೂಲಿಗೆ ಬರವಿಲ್ಲ, ಬರವಿರುವುದು ಸುತ್ತಬಲ್ಲ ಕೈಗಳಿಗೆ. ಆದುದರಿಂದ ಗೃಹಸ್ಥರೆ, ಮನೆಯಲ್ಲಿ ಬಲ್ಲ ಹಿರಿಯರಿದ್ದರೆ ಮುಂದಿನ ಮದುವೆಗೆ ಮೊದಲೇ ಮಕ್ಕಳನ್ನು ಅವರೆದುರು ಕೂರಿಸಿರಿ. ಅಭ್ಯಾಸಕ್ಕೆ ಒಂದು ಹಳೆಯ ಪಂಚೆ ಸಾಕು.