ಚಳಿ ಬಿದ್ದರೆ ಅವನು ತೋಳ

ವೇರ್‌ವುಲ್ಫ್ ಅಂದ ತಕ್ಷಣ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗೋದು ಎರಡೇ: ಹುಣ್ಣಿಮೆ ಚಂದ್ರ, ಮತ್ತೆ ಶರ್ಟ್ ಹಾಕದೆ ಓಡಾಡುವ ಟ್ವೈಲೈಟ್‌ನ ಜೇಕಬ್. ಹಾಸ್ಟೆಲ್‌ನಲ್ಲಿ ಯಾರ ಕೈಯಲ್ಲಾದರೂ ಮುಖಪುಟದ ಮೇಲೆ ತೋಳ ಇರೋ ಪ್ರೇಮ ಕಾದಂಬರಿ ಕಂಡರೆ ಆ ವಾರವಿಡೀ ಕಾಲೆಳೆಯೋದು ಗ್ಯಾರಂಟಿ. ಎಳೆಯಲಿ ಬಿಡಿ, ಈ ಜಾತಿಯ ಪುಸ್ತಕಗಳಲ್ಲಿ ಜೊಳ್ಳು ಜಾಸ್ತಿ ಅನ್ನೋದು ನಿಜ. ಆದರೆ ಸಣ್ಣ ಊರು, ಒಬ್ಬ ಹುಡುಗಿ, ಒಬ್ಬ ತೋಳ-ಹುಡುಗ ಅನ್ನುವ ಇದೇ ಫಾರ್ಮುಲಾ ಕೆಲವು ಸಲ ಓದುವವರನ್ನು ಅಳಿಸಿಬಿಡುತ್ತೆ. ಅದು ಹೇಗೆ ಅಂತ ಸ್ವಲ್ಪ ಬಿಚ್ಚಿ ನೋಡೋಣ.

ಈ ಕಥೆ ಹೊಸದೇನೂ ಅಲ್ಲ. 12ನೇ ಶತಮಾನದಲ್ಲಿ ಮಾರಿ ದ ಫ್ರಾನ್ಸ್ ಅನ್ನುವ ಕವಯಿತ್ರಿ 'ಬಿಸ್ಕ್ಲಾವ್ರೆ' ಅಂತ ಒಂದು ಕಥನ ಕವನ ಬರೆದಿದ್ದರು. ಅದರ ನಾಯಕ ವಾರಕ್ಕೆ ಮೂರು ದಿನ ಕಾಣೆಯಾಗ್ತಾನೆ. ಹೆಂಡತಿ ಬಿಡದೆ ಕೇಳಿದಾಗ ಗುಟ್ಟು ಹೇಳ್ತಾನೆ: ಆ ಮೂರು ದಿನ ನಾನು ತೋಳ, ಬಟ್ಟೆ ಕಳಚಿ ಇಟ್ಟ ಜಾಗ ಇದು, ಅದು ಕಳೆದುಹೋದರೆ ನಾನು ಮತ್ತೆ ಮನುಷ್ಯ ಆಗೋಕಾಗಲ್ಲ. ಹೆಂಡತಿ ಹೆದರಿ, ತನ್ನ ಹಿಂದೆ ಬಿದ್ದಿದ್ದ ಒಬ್ಬ ಯೋಧನಿಂದ ಆ ಬಟ್ಟೆಯನ್ನೇ ಕದಿಸ್ತಾಳೆ. ಮುಂದೆ ರಾಜ ಬೇಟೆಗೆ ಬಂದಾಗ ಈ ತೋಳ ಅವನ ಕಾಲಿಗೆ ಮುತ್ತಿಡುತ್ತೆ, ಅರಮನೆ ಸೇರುತ್ತೆ, ಹೆಂಡತಿ ಎದುರಿಗೆ ಬಂದ ದಿನ ಅವಳ ಮೂಗು ಕಚ್ಚಿ ಹಾಕುತ್ತೆ. ನನಗೆ ಇಷ್ಟವಾಗೋದು ಅದರ ನಂತರದ ಸಣ್ಣ ಘಟನೆ. ಬಟ್ಟೆ ತಂದು ಎದುರಿಗಿಟ್ಟರೆ ತೋಳ ಅದನ್ನು ನೋಡೋದೇ ಇಲ್ಲ. ಅದಕ್ಕೆ ನಾಚಿಕೆ, ಒಂದು ಕೋಣೆಯಲ್ಲಿ ಒಂಟಿಯಾಗಿ ಬಿಡಿ ಅಂತ ಒಬ್ಬ ಬುದ್ಧಿವಂತ ಹೇಳ್ತಾನೆ. ಆಮೇಲೆ ಬಾಗಿಲು ತೆಗೆದರೆ ರಾಜನ ಮಂಚದ ಮೇಲೆ ಮನುಷ್ಯ ಮಲಗಿರ್ತಾನೆ. ಎಂಟುನೂರು ವರ್ಷದ ಹಿಂದೆಯೇ ಪ್ರಶ್ನೆ ಇದಾಗಿತ್ತು: ನನ್ನ ಅತಿ ನಾಚಿಕೆಯ ವಿಷಯವನ್ನು ಯಾರಿಗೆ ಹೇಳಲಿ?

ಇದರಲ್ಲಿ ಹುಣ್ಣಿಮೆ ಇಲ್ಲ, ಬೆಳ್ಳಿ ಗುಂಡಿಲ್ಲ, ಗಮನಿಸಿ. ಬೆಳ್ಳಿ, ಕಚ್ಚಿದರೆ ಅಂಟುತ್ತೆ ಅನ್ನೋ ನಿಯಮಗಳೆಲ್ಲ ಜನರ ತಲೆಯಲ್ಲಿ ಕೂತಿದ್ದು ಮುಖ್ಯವಾಗಿ 1941ರ 'ದಿ ವುಲ್ಫ್ ಮ್ಯಾನ್' ಸಿನಿಮಾದಿಂದ. ಹುಣ್ಣಿಮೆಯನ್ನು ಗಟ್ಟಿ ಮಾಡಿದ್ದು 1943ರ ಅದರ ಮುಂದಿನ ಭಾಗ.

ಈಗ ನನ್ನ ಮೆಚ್ಚಿನ ಉದಾಹರಣೆಗೆ ಬರ್ತೀನಿ. ಮ್ಯಾಗಿ ಸ್ಟೀಫ್‌ವಾಟರ್ ಅವರ 'ಶಿವರ್', 2009ರದ್ದು. ಕಥೆ ನಡೆಯೋದು ಅಮೆರಿಕದ ಮಿನ್ನೆಸೋಟಾದ ಮರ್ಸಿ ಫಾಲ್ಸ್ ಅನ್ನುವ ಕಲ್ಪಿತ ಊರಲ್ಲಿ. ಲೇಖಕಿ ಹುಣ್ಣಿಮೆಯನ್ನು ಕಿತ್ತು ಹಾಕಿ ಅಲ್ಲಿ ಥರ್ಮಾಮೀಟರ್ ಇಟ್ಟರು. ಚಳಿಯಾದರೆ ಸ್ಯಾಮ್ ತೋಳ, ಬೆಚ್ಚಗಾದರೆ ಮನುಷ್ಯ. ಪ್ರತಿ ಅಧ್ಯಾಯದ ತಲೆಯ ಮೇಲೆ ಕಥೆ ಹೇಳುವವರ ಹೆಸರು, ಕೆಳಗೆ ಆ ಹೊತ್ತಿನ ಉಷ್ಣಾಂಶ, ಫ್ಯಾರನ್‌ಹೀಟ್‌ನಲ್ಲಿ. ನೀರು ಹೆಪ್ಪುಗಟ್ಟೋದು 32ಕ್ಕೆ ಅಂತ ನೆನಪಿಟ್ಟುಕೊಂಡರೆ ಸಾಕು, ಆಮೇಲೆ ಆ ಅಂಕಿ ಇಳಿದ ಹಾಗೆ ಎದೆ ಡವಡವ ಅನ್ನುತ್ತೆ. ಜಾಗದ ಆಯ್ಕೆಯೂ ಸುಮ್ಮನೆ ಅಲ್ಲ. ಮಿನ್ನೆಸೋಟಾದ ಟವರ್ ಅನ್ನುವ ಊರಲ್ಲಿ 1996ರ ಫೆಬ್ರವರಿಯಲ್ಲಿ ಮೈನಸ್ 60 ಫ್ಯಾರನ್‌ಹೀಟ್, ಅಂದರೆ ಸುಮಾರು ಮೈನಸ್ 51 ಸೆಲ್ಸಿಯಸ್ ದಾಖಲಾಗಿದೆ. ಅಲಾಸ್ಕಾ ಬಿಟ್ಟರೆ ಅಮೆರಿಕದಲ್ಲಿ ಅತಿ ಹೆಚ್ಚು ಕಾಡು ತೋಳಗಳಿರೋದೂ ಅದೇ ರಾಜ್ಯದಲ್ಲಿ.

ಆದರೆ ನಿಜವಾದ ಪೆಟ್ಟು ಎರಡನೇ ನಿಯಮದಲ್ಲಿದೆ. ಹಳೇ ಫೋನಿನ ಬ್ಯಾಟರಿ ನೋಡಿದ್ದೀರಲ್ಲ, ವರ್ಷ ಕಳೆದ ಹಾಗೆ ಫುಲ್ ಚಾರ್ಜ್ ಮಾಡಿದರೂ ಬೇಗ ಇಳಿಯುತ್ತೆ. ಇಲ್ಲಿಯ ತೋಳಗಳಿಗೂ ಅಷ್ಟೇ. ಪ್ರತಿ ವರ್ಷ ಮನುಷ್ಯರಾಗಿರುವ ತಿಂಗಳು ಕಮ್ಮಿ ಆಗ್ತಾ ಹೋಗುತ್ತೆ, ಕೊನೆಗೊಂದು ಬೇಸಿಗೆಯಲ್ಲಿ ಅವರು ಬದಲಾಗೋದೇ ಇಲ್ಲ. ತೋಳವಾದಾಗ ಹೆಸರು, ಮಾತು, ಓದಿದ ಕವಿತೆ ಎಲ್ಲ ಅಳಿಸಿಹೋಗುತ್ತೆ. ಸ್ಯಾಮ್‌ಗೆ ವಯಸ್ಸು 18, ಮತ್ತೆ ಇದು ತನ್ನ ಕೊನೆಯ ವರ್ಷ ಅಂತ ಅವನಿಗೆ ಗೊತ್ತು. ಈ ಕಥೆಯಲ್ಲಿ ವಿಲನ್ ಬೇಕಾಗಿಲ್ಲ, ಡಿಸೆಂಬರ್ ಬಂದರೆ ಸಾಕು.

ನಮ್ಮ ತಾತನಿಗೆ ಮರೆವಿನ ಕಾಯಿಲೆ. ಕೆಲವು ದಿನ ನನ್ನ ಹೆಸರು ಹಿಡಿದು ಕರೀತಾರೆ, ಕೆಲವು ದಿನ 'ಯಾರಪ್ಪ, ಯಾರ ಮನೆ ಕಡೆಯವರು?' ಅಂತಾರೆ. ಹೆಸರು ಹಿಡಿಯೋ ದಿನಗಳು ಕಮ್ಮಿಯಾಗ್ತಿವೆ. ಅಜ್ಜಿ ಮಾತ್ರ ಎರಡೂ ದಿನ ಒಂದೇ ಥರ ಕಾಫಿ ಕೊಡ್ತಾರೆ. ಗ್ರೇಸ್ ಆರು ಚಳಿಗಾಲ ಮನೆ ಹಿಂದೆ ಕೂತು ಹಳದಿ ಕಣ್ಣಿನ ಒಂದೇ ತೋಳವನ್ನು ನೋಡ್ತಿದ್ದಳು ಅನ್ನೋದನ್ನು ಓದಿದಾಗ ನನಗೆ ಅಜ್ಜಿ ನೆನಪಾದರು. ಇದನ್ನು ಫ್ಯಾಂಟಸಿ ಅಂತ ತಳ್ಳಿಹಾಕೋದು ಆಮೇಲೆ ಕಷ್ಟ ಆಯ್ತು.

ಗ್ರೇಸ್ ಕಥೆಯೂ ಚೆನ್ನಾಗಿ ಹೆಣೆದಿದೆ. ಚಿಕ್ಕವಳಿದ್ದಾಗ ತೋಳಗಳು ಅವಳನ್ನು ಕಚ್ಚಿ ಎಳೆದೊಯ್ದಿದ್ದವು, ಆದರೆ ಅವಳು ತೋಳ ಆಗಲಿಲ್ಲ. ಯಾಕೆ? ಅದೇ ಸುಮಾರಿಗೆ ಅಪ್ಪ ಅವಳನ್ನು ಬಿಸಿಲಲ್ಲಿ ಕಾರೊಳಗೆ ಮರೆತುಬಿಟ್ಟಿದ್ದರು, ಮೈ ಕಾದು ಸಾಯೋ ಹಾಗಾಗಿತ್ತು. ಆ ಬಿಸಿಯೇ ಅವಳನ್ನು ಉಳಿಸಿತು. ಅಂದರೆ ಹೆತ್ತವರ ಅಸಡ್ಡೆಯೇ ಔಷಧಿ! ಸ್ಯಾಮ್ ದಿನಗಟ್ಟಲೆ ಅವಳ ಕೋಣೆಯಲ್ಲೇ ಇದ್ದರೂ ಆ ಅಪ್ಪ-ಅಮ್ಮನಿಗೆ ಗೊತ್ತಾಗಲ್ಲ. ನಮ್ಮ ಮನೆಗಳಲ್ಲಿ ಹತ್ತು ನಿಮಿಷ ಕೂಡ ನಡೆಯದ ಕಥೆ, ಮೊದಲು ನಗು ಬರುತ್ತೆ, ಆಮೇಲೆ ಆ ಹುಡುಗಿ ಎಷ್ಟು ಒಂಟಿ ಅಂತ ಹೊಳೆಯುತ್ತೆ. ಮುಂದೆ ಸ್ಯಾಮ್‌ನ ಉಳಿಸೋಕೆ ಬೇಕಂತಲೇ ಜ್ವರ ಬರಿಸುವ ಪ್ರಯತ್ನ ನಡೆಯುತ್ತೆ, ಅದೂ ಮೆನಿಂಜೈಟಿಸ್‌ನಿಂದ. ಏನಾಯ್ತು ಅಂತ ಹೇಳಲ್ಲ.

ಸಣ್ಣ ಊರೇ ಯಾಕೆ? ಬೆಂಗಳೂರಿನ ಪಿಜಿಯಲ್ಲಿ ಪಕ್ಕದ ಮಂಚದವನು ತೋಳ ಆದರೂ ರೆಂಟ್ ಕೊಟ್ಟರೆ ಸಾಕು, ಯಾರೂ ಕೇಳಲ್ಲ. ಸಣ್ಣ ಊರಲ್ಲಿ ಗುಟ್ಟಿಗೆ ಬೆಲೆ ಜಾಸ್ತಿ. ಒಂದೇ ಸ್ಕೂಲು, ಒಂದೇ ಅಂಗಡಿ ಬೀದಿ, ಎಲ್ಲರ ಹಿತ್ತಲಿಗೂ ಅದೇ ಕಾಡು. ಮರ್ಸಿ ಫಾಲ್ಸ್‌ನಲ್ಲಿ ಜ್ಯಾಕ್ ಅನ್ನುವ ಹುಡುಗನನ್ನು ತೋಳಗಳು ಕೊಂದವು ಅಂತ ಸುದ್ದಿ ಆದಾಗ ಊರಿನ ಗಂಡಸರು ಬಂದೂಕು ಹಿಡಿದು ಕಾಡಿಗೆ ನುಗ್ತಾರೆ. ತೋಳ ಹಳ್ಳಕ್ಕೆ ಬಿದ್ದರೆ ಆಳಿಗೊಂದು ಕಲ್ಲು ಅನ್ನೋ ನಮ್ಮ ಗಾದೆ ಅಲ್ಲಿ ಅಕ್ಷರಶಃ ನಡೆಯುತ್ತೆ, ಕಲ್ಲಿನ ಬದಲು ಗುಂಡು ಅಷ್ಟೇ.

ಇನ್ನು ಜೊಳ್ಳಿನ ವಿಷಯ. ಆಪ್‌ಗಳಲ್ಲಿ ಬರೋ ನೂರಾರು ತೋಳ ಪ್ರೇಮಕಥೆಗಳಲ್ಲಿ ನಾಯಕ 'ಆಲ್ಫಾ', ಅವನು ಹೇಳಿದ್ದೇ ಕಾನೂನು, ಹುಡುಗಿ ಅವನ ವಿಧಿಲಿಖಿತ ಜೋಡಿ, ಹಾಗಾಗಿ ಅವಳ ಒಪ್ಪಿಗೆ ಕೇಳೋ ಅಗತ್ಯವೇ ಇಲ್ಲ. ಇದಕ್ಕೆ 'ಪ್ರಕೃತಿ ನಿಯಮ' ಅಂತ ಲೇಬಲ್ ಬೇರೆ. ವಿಜ್ಞಾನ ಹಾಗೆ ಹೇಳಲ್ಲ. 1947ರಲ್ಲಿ ರುಡಾಲ್ಫ್ ಶೆಂಕೆಲ್ ಬಂಧನದಲ್ಲಿದ್ದ ತೋಳಗಳನ್ನು ನೋಡಿ ಮೇಲು-ಕೀಳಿನ ಜಗಳದ ಬಗ್ಗೆ ಬರೆದರು. ಡೇವಿಡ್ ಮೆಕ್ 1970ರ ತಮ್ಮ ಪುಸ್ತಕದಲ್ಲಿ ಆ ಆಲ್ಫಾ ವಿಚಾರವನ್ನೇ ಜನಪ್ರಿಯ ಮಾಡಿದರು. ಆಮೇಲೆ ಅದೇ ಮೆಕ್ ಕೆನಡಾದ ಎಲ್ಸ್‌ಮಿಯರ್ ದ್ವೀಪದಲ್ಲಿ ಬೇಸಿಗೆ ಮೇಲೆ ಬೇಸಿಗೆ ಕಾಡು ತೋಳಗಳ ಜೊತೆ ಕಳೆದು, 1999ರಲ್ಲಿ ಬೇರೆಯೇ ಮಾತು ಬರೆದರು: ಕಾಡಿನ ಗುಂಪು ಅಂದರೆ ಸಾಮಾನ್ಯವಾಗಿ ಅಪ್ಪ, ಅಮ್ಮ, ಮಕ್ಕಳು, ಅಷ್ಟೇ. ಹಳೇ ಪುಸ್ತಕ ಅಚ್ಚು ಹಾಕೋದು ನಿಲ್ಲಿಸಿ ಅಂತ ಪ್ರಕಾಶಕರನ್ನು ಕೇಳಿಕೊಂಡರು ಕೂಡ. ಗುರುತಿಲ್ಲದ ನಾಲ್ವರನ್ನು ಒಂದು ಹಾಸ್ಟೆಲ್ ರೂಮಿಗೆ ತುಂಬಿ, ಮೊದಲ ವಾರದ ಜಗಳ ನೋಡಿ, 'ಮನುಷ್ಯರ ಕುಟುಂಬ ಹೀಗೇ ಇರುತ್ತೆ' ಅಂದರೆ ಹೇಗಿರುತ್ತೆ? ಆಲ್ಫಾ ಕಥೆ ಹಾಗೆ.

ಟ್ವೈಲೈಟ್‌ನ 'ಇಂಪ್ರಿಂಟಿಂಗ್' ಇದಕ್ಕಿಂತ ಇಕ್ಕಟ್ಟಿನದು. ಕೊನೆಯ ಪುಸ್ತಕದಲ್ಲಿ ಜೇಕಬ್ ಆಗತಾನೇ ಹುಟ್ಟಿದ ಮಗುವಿಗೆ ಜನ್ಮಪೂರ್ತಿ ಕಟ್ಟುಬೀಳ್ತಾನೆ. ಎಷ್ಟೇ ಸಮಜಾಯಿಷಿ ಕೊಟ್ಟರೂ ನನಗೆ ಅದು ಗಂಟಲಲ್ಲಿ ಇಳಿಯಲ್ಲ. ಅದಕ್ಕಿಂತ ಮುಖ್ಯ, ಜೇಕಬ್‌ನ ಕ್ವಿಲ್ಯೂಟ್ ಬುಡಕಟ್ಟು ಕಲ್ಪನೆ ಅಲ್ಲ. ವಾಷಿಂಗ್ಟನ್ ರಾಜ್ಯದ ಫೋರ್ಕ್ಸ್ ಪಕ್ಕ, ಲಾ ಪುಷ್ ಅನ್ನುವ ಕಡಲತೀರದಲ್ಲಿ ಅವರು ಇವತ್ತಿಗೂ ಇದ್ದಾರೆ. ಅವರ ಹುಟ್ಟಿನ ಕಥೆಯಲ್ಲಿ ತೋಳಗಳಿಂದ ಮನುಷ್ಯರಾದರು ಅಂತಿದೆ, ಹುಡುಗರು ತೋಳ ಆಗ್ತಾರೆ ಅಂತಿಲ್ಲ. ದಿಕ್ಕೇ ಉಲ್ಟಾ. ಅವರ ಹೆಸರಲ್ಲಿ ಟೀಶರ್ಟ್, ಬಳೆ ಎಲ್ಲ ಮಾರಾಟವಾಗ್ತಿದ್ದ ವರ್ಷಗಳಲ್ಲೇ ಅವರ ಊರು, ಶಾಲೆ ಸುನಾಮಿ ಬಂದರೆ ಮುಳುಗುವ ತಗ್ಗಲ್ಲಿದ್ದವು. ಎತ್ತರದ ಜಾಗಕ್ಕೆ ಹೋಗೋಕೆ ಪಕ್ಕದ ಒಲಿಂಪಿಕ್ ರಾಷ್ಟ್ರೀಯ ಉದ್ಯಾನದ ಭೂಮಿ ಕೊಡುವ ಕಾನೂನು ಬಂದಿದ್ದು 2012ರಲ್ಲಿ.

ಓದೋ ಮನಸ್ಸಿದ್ದರೆ 'ಶಿವರ್' ಮೊದಲು, ಆಮೇಲೆ 'ಲಿಂಗರ್', 'ಫಾರೆವರ್'. ಇಂಗ್ಲಿಷ್ ಸರಳವಾಗಿದೆ, ಇಂಟರ್ನಲ್ಸ್ ಮುಗಿದ ವಾರಾಂತ್ಯಕ್ಕೆ ಒಂದು ಭಾಗ ಮುಗಿಯುತ್ತೆ. ಫ್ಯಾನ್ ಸ್ಪೀಡ್ ಸ್ವಲ್ಪ ಕಮ್ಮಿ ಇಟ್ಟುಕೊಳ್ಳಿ.